ಎಲೆಕ್ಷನ್ ಮುಗೀಲಿ

ಚಿಕ್ಕೋಡಿ
೧೨ ಜೂನ್ ೧೯೯೯

ಅಕ್ಕನಿಗೆ ಮುರಗೆಪ್ಪನ ಶರಣು.

ಫೋನ್ ಮಾಡಬಹುದಿತ್ತು. ಆದರೆ ನಿಮ್ಮ ಮನೆಯ ಫೋನ್ ಇರುವುದು ಪಡಸಾಲೆಯಲ್ಲಿ. ಅಲ್ಲಿ ಯಾವಾಗ ನೋಡಿದರೂ ಅಪ್ಪಾಸಾಬ ಮಾಮಾನ ಸುತ್ತ ಜನ ಕೂತಿರುತ್ತಾರೆ. ನೀನು ‘ಹೂಂ, ಹೂಂ’ ಅನ್ನುವುದು ಬಿಟ್ಟು ಬೇರೆ ಮಾತಾಡಲಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ಹತ್ತಿರ ಒಂದು ಕೇಸು ಬಂದಿದೆ. ಭೀಮಸಿ ಅಂತ ಒಬ್ಬ ದರ್ಜಿ, ನಿಮ್ಮ ಕಾಗವಾಡದ ಕಡೆಯ ಹಳ್ಳಿಯವನೇ. ಏಪ್ರಿಲ್‌ನಲ್ಲಿ ಗೆಳೆಯ ವಿಠೋಬಾನನ್ನು ನೋಡಲು ಈ ಕಡೆ ಬಂದಿದ್ದ. ವಿಠೋಬಾ ಟೆಂಪೊ ಡ್ರೈವರ್. ತಂಬಾಕು ಗೋದಾಮಿನ ಹಿಂದೆ ಒಂದು ಖೋಲಿ ಬಾಡಿಗೆ ಹಿಡಿದಿದ್ದ. ಹಾಡಹಗಲೇ ನೆರೆಯವರು ಬಾಗಿಲು ಮುರಿದು ಪೊಲೀಸರನ್ನು ಕರೆಸಿದರು. ಠಾಣೆಯಲ್ಲಿ ಇಬ್ಬರಿಗೂ ಅರ್ಧ ತಲೆ ಬೋಳಿಸಿ ಸಂತೆಯಲ್ಲಿ ನಡೆಸಿದರು. ಆಮೇಲೆ ೩೭೭ನೇ ಕಲಂ ಹಾಕಿದರು. ಗಂಡಸು ಗಂಡಸಿನ ಜೊತೆ ಕೂಡಿದರೆ ಜೀವಾವಧಿಯವರೆಗೂ ಶಿಕ್ಷೆ ಕೊಡಬಹುದು ಅನ್ನುವ ಕಲಂ ಅದು. ಇಂಗ್ಲಿಷರು ಬರೆದಿಟ್ಟು ಹೋದದ್ದು.

ಜಾಮೀನು ಕೊಡಿಸಿದ್ದೇನೆ. ವಿಠೋಬಾನನ್ನು ಅವನ ಅಣ್ಣಂದಿರು ಇಚಲಕರಂಜಿಗೆ ಒಯ್ದು ಮಗ್ಗಕ್ಕೆ ಹಚ್ಚಿದ್ದಾರೆ. ಭೀಮಸಿ ಊರಿಗೆ ಮರಳಿ ಅಂಗಡಿ ತೆರೆದಿದ್ದಾನೆ. ಗಿರಾಕಿ ಬರುವುದಿಲ್ಲ.

ಕೊಕಟನೂರ ಎಲ್ಲಮ್ಮನ ಜೋಗಪ್ಪ ಸೀರೆ ಉಟ್ಟು ಬಾಗಿಲಿಗೆ ಬಂದರೆ ಕಾಲಿಗೆ ನೀರು ಹಾಕುವ ಜನ ನಮ್ಮವರು. ಅದೇ ಜನ ಸಂತೆಯಲ್ಲಿ ನಿಂತು ನಕ್ಕರು.

ನಾನೂ, ನನ್ನ ಮನೆಯಲ್ಲಿರುವ ನೇಮಿನಾಥನೂ, ಕೊಲ್ಲಾಪುರ ಬೆಳಗಾವಿಯ ಕೆಲವು ಗೆಳೆಯರೂ ಕೂಡಿ ಒಂದು ವಿಚಾರ ಮಾಡಿದ್ದೇವೆ. ಚುನಾವಣೆ ಬರುತ್ತಿದೆ. ಮತ ಕೇಳಲು ಬರುವ ಎಲ್ಲ ಅಭ್ಯರ್ಥಿಗಳನ್ನೂ ನಿಪ್ಪಾಣಿಯ ಒಂದು ಸಭೆಗೆ ಕರೆದು, ಪತ್ರಕರ್ತರ ಮುಂದೆ ಕೇಳುವುದು: ಈ ಕಲಂ ಇರಬೇಕೋ ಹೋಗಬೇಕೋ? ಕರಪತ್ರವನ್ನು ನೇಮಿನಾಥ ಬರೆಯುತ್ತಿದ್ದಾನೆ. ಡ್ರಾಯಿಂಗ್ ಮಾಸ್ತರನಲ್ಲವೆ, ಅಕ್ಷರ ಮುತ್ತಿನಂತಿವೆ. ಆದರೆ ಒಂದು ಶಬ್ದಕ್ಕೆ ಬಂದು ನಿಂತಿದ್ದಾನೆ. ಇಂಥವರನ್ನು ಏನೆಂದು ಕರೆಯಬೇಕು? ನಮ್ಮ ಕಡೆ ಇರುವುದೆಲ್ಲ ಬೈಗುಳ. ನಿಘಂಟಿನ ಶಬ್ದ ಯಾರಿಗೂ ತಿಳಿಯುವುದಿಲ್ಲ.

ಹೊರಗಿನವರಿಂದ ನಿನಗೆ ಗೊತ್ತಾಗುವುದು ಬೇಡವೆಂದು ಮೊದಲೇ ತಿಳಿಸಿದ್ದೇನೆ.

ನಿನ್ನ ತಮ್ಮ,
ಮುರಗೆಪ್ಪ


ಕಾಗವಾಡ
೨೪ ಜೂನ್ ೧೯೯೯

ತಮ್ಮ ಮುರಗೆಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ಎರಡು ಸಲ ಓದಿ ಒಲೆಗೆ ಹಾಕಿದೆ. ಸಿಟ್ಟಾಗಬೇಡ. ಈ ಮನೆಯ ಯಾವ ಕಪಾಟಿಗೂ ಕೀಲಿ ಇಲ್ಲ.

ಆ ಹುಡುಗರಿಗೆ ಆದದ್ದು ಆಗಬಾರದಿತ್ತು. ಆದರೂ ನಿನಗೆ ಒಂದು ಮಾತು ಹೇಳಬೇಕು. ಎಮ್ಮೆಲ್ಲೆ ಚುನಾವಣೆಯೂ ಈ ಸಲ ಕೂಡಿಯೇ ಬರುತ್ತದಂತೆ. ಪಾರ್ಟಿಯವರು ನನ್ನ ಹೆಸರು ಮೇಲೆ ಕಳಿಸಿದ್ದಾರೆ. ಜಿಲ್ಲಾ ಪಂಚಾಯತಿಗೆ ನಿಂತಾಗ ನಾನು ನಿಮ್ಮ ಮಾಮಾನ ಹೆಸರಿನಲ್ಲಿ ಗೆದ್ದೆ. ಹೆಣ್ಣುಮಕ್ಕಳ ಸೀಟು ಬಂದಿತ್ತು, ಅವರಿಗೆ ಮನೆಯಲ್ಲಿ ಒಬ್ಬ ಹೆಂಡತಿ ಇದ್ದಳು, ನಿಲ್ಲಿಸಿದರು. ಈಗ ಹಾಗಿಲ್ಲ. ಈಗ ಜನ ನನ್ನನ್ನೇ ಕೇಳಿಕೊಂಡು ಬರುತ್ತಾರೆ.

ನೀನು ಮಾಡಬೇಡ ಅನ್ನುವುದಿಲ್ಲ. ಈಗ ಮಾಡಬೇಡ ಅನ್ನುತ್ತೇನೆ. ಚುನಾವಣೆಯ ಹೊತ್ತಿನಲ್ಲಿ ಕೇಳಿದರೆ ಒಳ್ಳೆಯವನೂ ಕೆಟ್ಟ ಉತ್ತರವನ್ನೇ ಕೊಡುತ್ತಾನೆ. ಮೈಕಿನ ಮುಂದೆ ಒಮ್ಮೆ ಕಲಂ ಇರಲಿ ಅಂದವನು ಐದು ವರ್ಷ ಅದನ್ನೇ ಹೊತ್ತು ತಿರುಗುತ್ತಾನೆ. ಒಬ್ಬನಿಗಿಂತ ಒಬ್ಬ ಹೆಚ್ಚು ಬೈದು ಚಪ್ಪಾಳೆ ಹೊಡೆಸಿಕೊಳ್ಳುತ್ತಾರೆ. ಭೀಮಸಿಯ ಹಳ್ಳಿಯಲ್ಲಿ ಆ ಚಪ್ಪಾಳೆ ಕೇಳಿದವರು ಸುಮ್ಮನೆ ಕೂತಾರೆಯೆ? ರಾಶಿ ಕಣದಲ್ಲಿರುವಾಗ ಬೀಡಿ ಹಚ್ಚಬಾರದು.

ಎಲೆಕ್ಷನ್ ಮುಗೀಲಿ, ತಮ್ಮಾ. ನಾನೇ ಜೊತೆಗೆ ಬರುತ್ತೇನೆ.

ಒಣದ್ರಾಕ್ಷಿ ಕಳಿಸಿದ್ದೇನೆ. ಇಬ್ಬರಿಗೂ ಆಗುವಷ್ಟಿದೆ.

ನಿನ್ನ ಅಕ್ಕ,
ಕಸ್ತೂರೆವ್ವ


ಚಿಕ್ಕೋಡಿ
೧೮ ಜುಲೈ ೧೯೯೯

ಅಕ್ಕನಿಗೆ ಶರಣು.

ಉತ್ತರ ತಡವಾಯಿತು. ಬರೆದೆ, ಹರಿದೆ, ಮತ್ತೆ ಬರೆದೆ.

ತೊಂಬತ್ತೈದರಲ್ಲಿ ಇದೇ ಕಲಮಿನ ಮೇಲೆ ಪತ್ರಿಕೆಗೆ ಒಂದು ಲೇಖನ ಬರೆದಿದ್ದೆ. ಜಿಲ್ಲಾ ಪಂಚಾಯತಿ ಎಲೆಕ್ಷನ್ ಮುಗೀಲಿ ಅಂತ ನೀನಂದೆ. ನಾನು ಸುಮ್ಮನಾದೆ. ತೊಂಬತ್ತೇಳರಲ್ಲಿ ಮಾಮಾ ಸಕ್ಕರೆ ಕಾರ್ಖಾನೆಯ ಡೈರೆಕ್ಟರಿಗೆ ನಿಂತಿದ್ದ. ಕಾರ್ಖಾನಿದು ಮುಗೀಲಿ ಅಂತ ನೀನಂದೆ. ಕಳೆದ ವರ್ಷ ಲೋಕಸಭೆ. ನಮ್ಮ ಕಡೆ ಎಲೆಕ್ಷನ್ ಮುಗಿಯುವುದು ಯಾವಾಗ ಅಕ್ಕಾ? ಸೊಸೈಟಿ, ಡೇರಿ, ಪಿಎಲ್‌ಡಿ ಬ್ಯಾಂಕು, ಗ್ರಾಮ ಪಂಚಾಯತಿ. ಒಂದರ ಗುಲಾಲು ತೊಳೆಯುವುದರೊಳಗೆ ಇನ್ನೊಂದರ ಗುಲಾಲು ಬೀಳುತ್ತದೆ.

ನೀನು ಹೇಳಿದ್ದು ಸುಳ್ಳಲ್ಲ. ನಮ್ಮ ಗುಂಪಿನಲ್ಲೂ ಅದೇ ಜಗಳ. ನೇಮಿನಾಥ ನಿನ್ನ ಕಡೆಗಿದ್ದಾನೆ. “ಒತ್ತಾಯ ಮಾಡಿ ಇಲ್ಲ ಅನ್ನಿಸಿಕೊಳ್ಳೂದಕ್ಕಿಂತ ಸುಮ್ಮ ಇರೂದು ಚಲೋ” ಅನ್ನುತ್ತಾನೆ. ನನ್ನ ಲೆಕ್ಕ ಬೇರೆ. ಎಂಪಿಯನ್ನು ಕೇಳಿದರೆ ಪೊಲೀಸರು ರಾಜ್ಯದವರು ಅನ್ನುತ್ತಾನೆ. ಎಮ್ಮೆಲ್ಲೆಯನ್ನು ಕೇಳಿದರೆ ಕಾನೂನು ದಿಲ್ಲಿಯದು ಅನ್ನುತ್ತಾನೆ. ಈ ಸಲ ಇಬ್ಬರೂ ಒಂದೇ ಜೀಪಿನಲ್ಲಿ ಬರುತ್ತಾರೆ. ಇಂಥ ಕಾಲ ಮತ್ತೆ ಯಾವಾಗ ಬಂದೀತು? ಗೆದ್ದ ಮೇಲೆ ಅವರನ್ನು ಹುಡುಕಿಕೊಂಡು ನಾವು ಹೋಗಬೇಕು. ಗೆಲ್ಲುವ ಮೊದಲು ಮಾತ್ರ ಅವರು ನಮ್ಮ ಬಾಗಿಲಿಗೆ ಬರುತ್ತಾರೆ.

ಕೆಲವೊಮ್ಮೆ ಅನಿಸುತ್ತದೆ, ‘ಈಗ ಬೇಡ’ ಅನ್ನುವುದಕ್ಕೆ ಕೊನೆಯೇ ಇಲ್ಲ ಎಂದು. ‘ಬೇಡ’ ಅಂದರೆ ಜಗಳವನ್ನಾದರೂ ಆಡಬಹುದು.

ನನಗೀಗ ಮೂವತ್ತೆಂಟು ದಾಟಿತು.

ಮುರಗೆಪ್ಪ


ಕಾಗವಾಡ
೨ ಆಗಸ್ಟ್ ೧೯೯೯

ಮುರಗೆಪ್ಪನಿಗೆ.

ಟಿಕೆಟ್ ನನಗೇ ಆಯಿತು. ಎದುರಿಗೆ ರಾವಸಾಹೇಬರು. ಎರಡು ಸಲ ಗೆದ್ದವರು, ಮಾತಿನಲ್ಲಿ ಜೇನು.

ನನಗೆ ಯಾಕೆ ಗೆಲ್ಲಬೇಕೆಂದು ಕೇಳು. ನಮ್ಮ ತೆಲಸಂಗದ ನೆಲ ನಿನಗೂ ಗೊತ್ತು. ಇಲ್ಲಿ ನಮ್ಮ ಮನೆಯವರು ದ್ರಾಕ್ಷಿಗೆ ಹನಿ ನೀರು ಬಿಡುತ್ತಾರೆ, ಅಲ್ಲಿ ನಮ್ಮ ಅವ್ವ ಒಂದು ಕೊಡಕ್ಕೆ ಎರಡು ಹರದಾರಿ ನಡೆದಳು. ಕೃಷ್ಣೆಯ ನೀರು ಆ ಎತ್ತರಕ್ಕೆ ಏರಬಹುದಂತೆ. ಎಂಜಿನಿಯರನ ಮುಂದೆ ಕೂತು ನಕಾಶೆ ನೋಡಿದ್ದೇನೆ. ಯಾರಾದರೂ ಅಲ್ಲಿ ಹಟ ಹಿಡಿದು ಕೂರಬೇಕು. ನಾನು ಕೂರುತ್ತೇನೆ. ಇದೂ ಕಾಯ್ದ ಮಂದಿಯ ಮಾತೇ, ತಮ್ಮಾ. ಕಾಯುವುದು ನಿನ್ನೊಬ್ಬನ ಪಾಲಿಗೆ ಬಂದದ್ದಲ್ಲ.

ನಿನ್ನೆ ಪಾರ್ಟಿಯ ಲಕ್ಷ್ಮಿಬಾಯಿ ಬಂದಿದ್ದಳು. ಅವಳು ನನಗೆ ಹೆಣ್ಣುಮಕ್ಕಳ ಮತ ಕೂಡಿಸಿಕೊಡುವವಳು. ಬಾಗಿಲು ಓರೆ ಮಾಡಿ ಕೇಳಿದಳು:

“ಕಸ್ತೂರಿ, ನಿನ್ನ ವಕೀಲ ತಮ್ಮಗ ನಾ ಒಂದ ಕನ್ಯಾ ನೋಡಲೇನ? ಎಲೆಕ್ಷನ್ ಮೊದಲ ನಿಶ್ಚಯ ಆತಂದ್ರ ರಾವಸಾಹೇಬನ ಮಂದಿ ಬಾಯಿ ಮುಚ್ಚತಾವ. ಅವರು ಏನೇನೋ ಅನ್ನಾಕತ್ತಾರ.”

“ಆ ಹುಡುಗಿ ಏನ ಪಾಪ ಮಾಡ್ಯಾಳ?” ಅಂದೆ.

ಅಂದ ಮೇಲೆ ನನಗೇ ಗಾಬರಿಯಾಯಿತು. ಅವಳು ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಆಮೇಲೆ ಇಬ್ಬರೂ ಬೂತ್ ಏಜೆಂಟರ ಮಾತು ತೆಗೆದೆವು.

ನಿನಗೆ ಇಷ್ಟು ಬರೆಯಬಲ್ಲೆ. ಇದಕ್ಕಿಂತ ಹೆಚ್ಚು ಕೈ ಓಡುವುದಿಲ್ಲ.

ಕಸ್ತೂರೆವ್ವ


ಚಿಕ್ಕೋಡಿ
೧೩ ಆಗಸ್ಟ್ ೧೯೯೯

ಅಕ್ಕನಿಗೆ.

ಸಭೆ ಮುಂದೆ ಹಾಕಿದ್ದೇವೆ. ಮತ ಎಣಿಕೆಯಾದ ಮೇಲೆ ನೋಡೋಣ ಎಂದು ಎಲ್ಲರೂ ಒಪ್ಪಿದರು. ನಾನೂ ಒಪ್ಪಿದೆ.

ಭೀಮಸಿಗೆ ಹೇಳಲು ಅವನ ಹಳ್ಳಿಗೇ ಹೋಗಿದ್ದೆ. ನಿಮ್ಮ ಮನೆಯ ಮುಂದೆಯೇ ಬಸ್ಸು ಹೋಯಿತು, ಇಳಿಯಲಿಲ್ಲ. ಇಷ್ಟು ದಿನ ನಾವು ಹತ್ತು ಜನ ಅವನ ಹೆಸರಿನಲ್ಲಿ ವಾದ ಮಾಡಿದೆವು. ಅವನನ್ನು ಒಬ್ಬರೂ ಕೇಳಿರಲಿಲ್ಲ ಅನ್ನುವುದು ಅವನ ಅಂಗಡಿಯ ಮೆಟ್ಟಿಲ ಮೇಲೆ ನೆನಪಾಯಿತು.

ಎಲೆಕ್ಷನ್ ಬಂತೆಂದರೆ ದರ್ಜಿಗಳಿಗೆ ಸುಗ್ಗಿ. ಬಾವುಟ, ಟೊಪ್ಪಿಗೆ, ತೋರಣ. ಅವನ ಹತ್ತಿರ ಒಂದು ಚಿಂದಿಯೂ ಇರಲಿಲ್ಲ. ಯಾರದೋ ಹಳೆಯ ದುಪ್ಪಟಿಗೆ ತೇಪೆ ಹಾಕುತ್ತಿದ್ದ. ನಾನು ಹೇಳಿದ್ದನ್ನೆಲ್ಲ ಕೇಳಿ, “ಆತ್ರಿ ವಕೀಲರ” ಅಂದ. ಸ್ವಲ್ಪ ಹೊತ್ತು ಮಶಿನ್ ತುಳಿದ. ಆಮೇಲೆ ಕೇಳಿದ:

“ನನ್ನ ವೋಟ ಐತೇನ್ರಿ? ಕೇಸ ಆದಾವಗ ವೋಟ ಇರತೈತೋ, ಅದೂ ಹೋತೋ?”

“ಐತಿ. ಎಲ್ಲಾರಂಗ ನಿನಗೂ ಐತಿ” ಅಂದೆ.

“ಹಂಗಾರ ಚಲೋ ಆತು” ಅಂದು ದಾರ ಕಚ್ಚಿದ.

ನಿನಗೆ ಗೆಲುವಾಗಲಿ.

ಮುರಗೆಪ್ಪ


ಕಾಗವಾಡ
೩೦ ಆಗಸ್ಟ್ ೧೯೯೯

ಮುರಗೆಪ್ಪಾ,

ಬೇರೆಯವರ ಬಾಯಿಂದ ನಿನಗೆ ಈಗಾಗಲೇ ತಿಳಿದಿರಬೇಕು. ನನ್ನ ಕೈಯಿಂದಲೂ ತಿಳಿಯಲಿ ಎಂದು ಬರೆಯುತ್ತಿದ್ದೇನೆ.

ಶುಕ್ರವಾರ ಭೀಮಸಿಯ ಹಳ್ಳಿಗೆ ಪ್ರಚಾರಕ್ಕೆ ಹೋಗಿದ್ದೆವು. ಜೀಪಿನಲ್ಲಿ ನಾನು, ನಿಮ್ಮ ಮಾಮಾ, ಲಕ್ಷ್ಮಿಬಾಯಿ. ಹಿಂದೆ ಎರಡು ಟ್ರ್ಯಾಕ್ಟರ್ ತುಂಬ ಹುಡುಗರು, ಹಲಗೆ ಬಡಿಯುವವರು. ಪಂಚಾಯತಿ ಕಟ್ಟೆಯ ಹತ್ತಿರ ಹಾರ ಹಾಕುತ್ತಿದ್ದರು. ಗುಂಪನ್ನು ಸರಿಸಿಕೊಂಡು ಒಬ್ಬ ತೆಳ್ಳನೆಯವನು ಮುಂದೆ ಬಂದ. ತಲೆಗೂದಲು ಇನ್ನೂ ಮೋಟಾಗಿಯೇ ಇತ್ತು, ಅದರಿಂದಲೇ ಗುರುತು ಹಿಡಿದೆ.

ಕೈ ಮುಗಿದು ಕೇಳಿದ: “ಅಕ್ಕಾರ, ನನ್ನ ವೋಟ ನಿಮಗ ಬೇಕೇನ್ರಿ?”

“ಬೇಕಪಾ, ಯಾಕ ಬ್ಯಾಡ?” ಅಂದೆ.

“ಹಂಗಾರ ಒಂದ ಮಾತ ಹೇಳಿ ಹೋಗ್ರಿ. ನಾ ಯಾರದೂ ಕದ್ದಿಲ್ಲ, ಯಾರಿಗೂ ಹೊಡದಿಲ್ಲ. ನನ್ನ ತಲಿ ಬೋಳಿಸಿ ಸಂತ್ಯಾಗ ತಿರುಗಿಸಿದ್ರು. ಅದು ಸರಿನೋ, ತಪ್ಪೋ?”

ಹಲಗೆ ನಿಂತಿತು. ನಿಮ್ಮ ಮಾಮಾ ಡ್ರೈವರನ ಹೆಗಲ ಮೇಲೆ ಕೈ ಇಟ್ಟರು. “ನಡೀಲೇ, ಗಾಡಿ ಬಿಡು” ಅಂದರು. ಲಕ್ಷ್ಮಿಬಾಯಿ ನನ್ನ ಸೆರಗು ಹಿಡಿದು ಮೆಲ್ಲಗೆ, “ವಿಚಾರ ಮಾಡೂಣು ಅನ್ನು. ಅಷ್ಟ ಸಾಕು” ಅಂದಳು.

ಅದು ಒಳ್ಳೆಯ ಉಪಾಯವೇ ಆಗಿತ್ತು. ನೂರು ಸಲ ನಾನೇ ಅಂದ ಮಾತು ಅದು. ಬೋರ್‌ವೆಲ್ ಕೇಳಿದವರಿಗೆ, ರಸ್ತೆ ಕೇಳಿದವರಿಗೆ, ನಿನಗೆ. ಆದರೆ ಅವನು ಕೇಳಿದ್ದರಲ್ಲಿ ವಿಚಾರ ಮಾಡುವಂಥದ್ದು ಏನೂ ಇರಲಿಲ್ಲ. ಸರಿನೋ ತಪ್ಪೋ, ಅಷ್ಟೇ. ಜೀಪಿನಿಂದ ಇಳಿದೆ. ಮೇಲೆ ಕೂತು ಹೇಳುವ ಮಾತಲ್ಲ ಅನಿಸಿತು.

“ತಪ್ಪು” ಅಂದೆ. “ಹಂಗ ಮಾಡಿದವರದು ತಪ್ಪು. ಅವರ ಕೈಯಾಗ ಆ ಕಾನೂನು ಕೊಟ್ಟದ್ದೂ ತಪ್ಪು. ಅದು ಹೋಗಬೇಕು.”

ಯಾರೂ ಚಪ್ಪಾಳೆ ಹೊಡೆಯಲಿಲ್ಲ. ಯಾರೂ ಕಲ್ಲೂ ಎಸೆಯಲಿಲ್ಲ. ಹಿಂದಿನಿಂದ ಒಬ್ಬ ಕೂಗಿದ: “ನಿಮ್ಮ ವಕೀಲ ತಮ್ಮನೂ ಅಂಥಾವನ ಅಂತಲ್ಲರಿ? ಅದಕ್ಕ ಹೇಳಾಕತ್ತೀರೇನು?”

ನಾನು ಹೌದು ಅನ್ನಲಿಲ್ಲ. ಅಲ್ಲ ಅಂತಲೂ ಅನ್ನಲಿಲ್ಲ. “ನನ್ನ ತಮ್ಮ ಶಾಣ್ಯಾ ಮನಿಷ್ಯಾ. ಅವನ ಮಾತು ಅವನ್ನ ಕೇಳ್ರಿ” ಅಂದೆ. ಅಲ್ಲಿಂದ ಬಂದ ಮೇಲೆ ಅದೇ ವಿಚಾರ. ಅದು ನಿನ್ನ ಮಾತು, ನಾನು ಹೇಳಬಾರದು ಎಂದು ಸುಮ್ಮನಾದೆನೋ, ನನ್ನ ಧೈರ್ಯ ಅಲ್ಲಿಗೇ ತೀರಿತೋ? ನನಗೇ ತಿಳಿಯದು.

ಮರುದಿನವೇ ರಾವಸಾಹೇಬರ ಹ್ಯಾಂಡ್‌ಬಿಲ್ ಬಂತು. ಕನ್ನಡದಲ್ಲೊಂದು, ಮರಾಠಿಯಲ್ಲೊಂದು. ಎರಡರಲ್ಲೂ ನಿನ್ನ ಹೆಸರಿದೆ. ಎರಡರಲ್ಲೂ ನಾನು ಆಡದ ಮಾತು ಬಹಳ ಇವೆ.

ನಿನಗೆ ಕಾಯಲು ಹೇಳಿ ನಾನೇ ಮಾತಾಡಿಬಿಟ್ಟೆ. ಸಿಟ್ಟಿದ್ದರೆ ಬೈದು ಬರೆ.

ಅಕ್ಕ


ಚಿಕ್ಕೋಡಿ
೪ ಸೆಪ್ಟೆಂಬರ್ ೧೯೯೯

ಅಕ್ಕಾ,

ಹ್ಯಾಂಡ್‌ಬಿಲ್ ನಿನ್ನ ಕಾಗದಕ್ಕಿಂತ ಮೊದಲೇ ಕೋರ್ಟಿಗೆ ಬಂದಿತ್ತು. ಬಾರ್ ರೂಮಿನ ಮೇಜಿನ ಮೇಲೆ ಬಿಡಿಸಿಟ್ಟಿದ್ದರು.

ಬಾಪುಸಾಹೇಬರು ನಿನಗೆ ಗೊತ್ತಿರಬೇಕು, ನನ್ನ ಸೀನಿಯರ್. ನನಗೆ ಕೆಲಸ ಕಲಿಸಿದವರು. ಬಟ್ಟಲಿನಲ್ಲಿ ಚಹಾ ಸುರಿದುಕೊಳ್ಳುತ್ತ ಕೇಳಿದರು: “ಏನಪಾ ಮುರಗೆಪ್ಪ, ಇದರಾಗ ಬರದದ್ದು ಖರೇನು?”

ಎಷ್ಟು ವರ್ಷದಿಂದ ಈ ಪ್ರಶ್ನೆಗೆ ಉತ್ತರ ತಯಾರು ಮಾಡಿಕೊಂಡಿದ್ದೆ. ಕಲಂ, ಸಂವಿಧಾನ, ಹೈಕೋರ್ಟಿನ ತೀರ್ಪು. ಒಂದೂ ನೆನಪಾಗಲಿಲ್ಲ.

“ನಮ್ಮಕ್ಕಂದು ಸುಳ್ಳ ಬರದಾರ್ರಿ. ನಂದು ಖರೆ ಐತಿ” ಅಂದೆ.

ಅವರು ಚಹಾ ಮುಗಿಸಿದರು. ಬಾಯಿ ಒರೆಸಿಕೊಂಡು, “ಸೋಮವಾರ ಆ ಹೊಲದ ಕೇಸಿನ ಆರ್ಗ್ಯುಮೆಂಟ್ ಐತಿ. ತಯಾರಿ ಆಗೇದಿಲ್ಲೋ?” ಅಂದರು. ಆಗಿದೆ ಅಂದೆ. ಇನ್ನಿಬ್ಬರು ಎದ್ದು ಬೇರೆ ಮೇಜಿಗೆ ಹೋದರು. ಅಷ್ಟೇ ನಡೆದದ್ದು.

ಮನೆಗೆ ಬಂದು ನೇಮಿನಾಥನಿಗೆ ಹೇಳಿದೆ. ಅವನ ಶಾಲೆಯಲ್ಲಿ ಏನಾಗುತ್ತದೋ ನೋಡಬೇಕು. ಅವನಿಗೆ ಹೆದರಿಕೆಯಿದೆ. ನನ್ನ ಮಾತಿನ ಬೆಲೆ ಅವನೂ ಕೊಡಬೇಕಲ್ಲ. ನನ್ನನ್ನು ಕೇಳಿದಾಗ ಅವನನ್ನು ಕೇಳಿ ಹೇಳುವಷ್ಟು ಹೊತ್ತು ಇರಲಿಲ್ಲ. ಕರಪತ್ರದ ಹಾಳೆ ತೆಗೆದು ಕೂತು ಮತ್ತೊಮ್ಮೆ ಓದಿದ. ಆಮೇಲೆ ಎದ್ದು, “ಕರಪತ್ರದಾಗ ಆ ಶಬ್ದದ ಬದಲಿ ‘ನಾವು’ ಅಂತ ಬರದ್ರ ಮುಗೀತಲ್ಲ” ಅಂದ.

ನಿನ್ನ ಮೇಲೆ ಸಿಟ್ಟಿಲ್ಲ. ನಿನ್ನ ಧೈರ್ಯ ಅಲ್ಲಿಗೆ ತೀರಿದ್ದರೂ ತಪ್ಪಲ್ಲ. ಉಳಿದದ್ದು ನನ್ನ ಪಾಲಿನದೇ ಆಗಿತ್ತು.

ನಿನ್ನ ತಮ್ಮ,
ಮುರಗೆಪ್ಪ


ಕಾಗವಾಡ
೧೦ ಅಕ್ಟೋಬರ್ ೧೯೯೯

ಮುರಗೆಪ್ಪನಿಗೆ ಆಶೀರ್ವಾದ.

ಸೋತೆ. ರೇಡಿಯೋದಲ್ಲಿ ಕೇಳಿರಬೇಕು.

ಎಲ್ಲರೂ ಒಂದೊಂದು ಕಾರಣ ಹೇಳುತ್ತಾರೆ. ದಿಲ್ಲಿಯ ಗಾಳಿ ಬೇರೆ ಕಡೆ ಬೀಸಿತು ಅನ್ನುವವರಿದ್ದಾರೆ. ಕೊನೆಯ ದಿನ ರಾವಸಾಹೇಬರ ಮಂದಿ ಏನೇನು ಹಂಚಿದರು ಅನ್ನುವವರಿದ್ದಾರೆ. ನಿಮ್ಮ ಮಾಮಾಗೆ ಒಂದೇ ಕಾರಣ. “ಐದ ವರ್ಷದ ಕೆಲಸ ಒಂದ ಮಾತಿಗೆ ತೊಳಕೊಂಡ ಹೋತು” ಅಂದರು. ಆಮೇಲೆ ನನ್ನೊಡನೆ ಮಾತಿಲ್ಲ. ಊಟಕ್ಕೆ ಬರುತ್ತಾರೆ, ಬಡಿಸುತ್ತೇನೆ, ಏಳುತ್ತಾರೆ.

ಅವರು ಹೇಳಿದ್ದು ಖರೆ ಇರಬಹುದು. ಭೀಮಸಿಯ ಹಳ್ಳಿಯ ಪೆಟ್ಟಿಗೆಯಲ್ಲಿ ನನಗೆ ಮೊದಲಿಗಿಂತ ಕಡಿಮೆ ಬಿದ್ದಿವೆ. ಹತ್ತಿರದ ಇನ್ನೊಂದು ಹಳ್ಳಿಯಲ್ಲಿ ಹೆಚ್ಚು ಬಿದ್ದಿವೆ. ಯಾವುದನ್ನು ಹಿಡಿಯಲಿ? ಮತಪೆಟ್ಟಿಗೆ ಎಷ್ಟು ಅನ್ನುವುದನ್ನು ಹೇಳುತ್ತದೆ, ಯಾಕೆ ಅನ್ನುವುದನ್ನು ಹೇಳುವುದಿಲ್ಲ.

ಅತ್ತದ್ದು ತೆಲಸಂಗದ ನೀರಿಗಾಗಿ. ಆ ನಕಾಶೆ ಇನ್ನು ಯಾರು ಬಿಚ್ಚಿ ನೋಡುತ್ತಾರೆ? ನಿನಗೆ ಸುಳ್ಳು ಹೇಳುವುದಿಲ್ಲ: ಒಂದು ದಿನ ನಿನ್ನ ಮೇಲೂ, ಆ ದರ್ಜಿಯ ಮೇಲೂ ಸಿಟ್ಟು ಬಂತು. ಎಂಟು ದಿನ ತಡೆದು ಕೇಳಿದ್ದರೆ ಏನಾಗುತ್ತಿತ್ತು ಅನಿಸಿತು. ಆಮೇಲೆ ನನಗೇ ಹೊಳೆಯಿತು, ಎಂಟು ದಿನ ತಡೆದಿದ್ದರೆ ನಾನು ಆ ಹಳ್ಳಿಯಲ್ಲಿ ಇರುತ್ತಿರಲಿಲ್ಲ.

ಅವನ ಕೇಸಿನ ತಾರೀಖು ಯಾವಾಗ? ಬರೆ.

ಕಸ್ತೂರೆವ್ವ


ಚಿಕ್ಕೋಡಿ
೧೬ ನವೆಂಬರ್ ೧೯೯೯

ಅಕ್ಕನಿಗೆ ಶರಣು.

ಮೊನ್ನೆ ನೀನು ಕೋರ್ಟಿನ ಹಿಂದಿನ ಬೆಂಚಿನಲ್ಲಿ ಬಂದು ಕೂತದ್ದನ್ನು ಸಾಕ್ಷಿ ಹೇಳುತ್ತಿದ್ದ ಪೊಲೀಸ್ ಫೌಜದಾರ ಮೂರು ಸಲ ತಿರುಗಿ ನೋಡಿದ. ಸೋತರೂ ನೀನಿನ್ನೂ ಜಿಲ್ಲಾ ಪಂಚಾಯತಿ ಮೆಂಬರಲ್ಲವೆ. ಬಸ್ಸಿನ ಹೊತ್ತಾಯಿತೆಂದು ನೀನು ಎದ್ದು ಹೋದ ಮೇಲೆ ನಡೆದದ್ದನ್ನು ತಿಳಿಸುತ್ತೇನೆ.

ಬಾಗಿಲು ಮುರಿದ ನೆರೆಯವರಲ್ಲಿ ಇಬ್ಬರು ತಾವು ಏನೂ ಕಣ್ಣಾರೆ ನೋಡಿಲ್ಲ ಅಂದುಬಿಟ್ಟರು. ಕೇಸು ಸಡಿಲಾಗುತ್ತಿದೆ. ಬಿಡುಗಡೆಯಾದೀತು. ಆದರೆ ಕಲಂ ಇದ್ದಲ್ಲೇ ಇರುತ್ತದೆ. ನಿಪ್ಪಾಣಿಯ ಸಭೆಯನ್ನು ಬರುವ ತಿಂಗಳು ಮಾಡುತ್ತೇವೆ. ಗೆದ್ದವರೆಲ್ಲರಿಗೂ ಕಾಗದ ಹಾಕಿದ್ದೇವೆ, ಒಬ್ಬರ ಉತ್ತರವೂ ಬಂದಿಲ್ಲ. ನೇಮಿನಾಥನಿಗೆ ಶಾಲೆಯವರು ಮೇಲಿನ ತರಗತಿ ತಪ್ಪಿಸಿ ಚಿಕ್ಕ ಮಕ್ಕಳನ್ನು ಕೊಟ್ಟಿದ್ದಾರೆ. ಅವನು ಏನೂ ಅನ್ನುವುದಿಲ್ಲ, ಬಣ್ಣದ ಪೆಟ್ಟಿಗೆ ದೊಡ್ಡದು ತಂದಿದ್ದಾನೆ.

ಭೀಮಸಿಯೂ ವಿಠೋಬಾನೂ ಕಟಕಟೆಯಲ್ಲಿ ಒಂದು ಮೊಳ ಅಂತರದಲ್ಲಿ ನಿಂತಿದ್ದರು, ಒಬ್ಬರನ್ನೊಬ್ಬರು ನೋಡಲಿಲ್ಲ. ಏಪ್ರಿಲ್‌ನಿಂದ ಭೇಟಿಯಾಗಿರಲಿಲ್ಲ. ಹೊರಗೆ ಬೇವಿನ ಗಿಡದ ಕೆಳಗೆ ವಿಠೋಬಾನ ಅಣ್ಣ ಬೀಡಿ ಕೊಳ್ಳಲು ಸರಿದ. ಆಗ ವಿಠೋಬಾ ಚೀಲದಿಂದ ಒಂದು ತುಂಡು ಬಟ್ಟೆ ತೆಗೆದ. ಅವನೇ ನಿಂತು ನೇಯ್ದ ಪಾಪ್ಲಿನ್.

“ಒಂದ ಅಂಗಿ ಹೊಲಿ” ಅಂದ. “ಅಳತಿ ನಿನಗ ಗೊತ್ತೈತಿ.”

ಭೀಮಸಿ ಬಟ್ಟೆಯನ್ನು ತೆಗೆದುಕೊಂಡು ಅಂಚು ತಿರುವಿ ನೋಡಿದ. “ನೀ ತೆಳ್ಳಗ ಆಗೀದಿ” ಅಂದ.

ನಾನು ಕಾಗದಪತ್ರ ಕಟ್ಟುವ ನೆಪದಲ್ಲಿ ಆಚೆ ಹೋದೆ.

ಮುರಗೆಪ್ಪ


ಕಾಗವಾಡ
೨೦ ಡಿಸೆಂಬರ್ ೧೯೯೯

ಮುರಗೆಪ್ಪನಿಗೂ ನೇಮಿನಾಥನಿಗೂ ಆಶೀರ್ವಾದ.

ನಿಪ್ಪಾಣಿಯ ಸಭೆಗೆ ಬಂದವರು ಕಡಿಮೆ ಎಂದು ಬೇಜಾರು ಮಾಡಿಕೊಳ್ಳಬೇಡಿರಿ. ಕುರ್ಚಿ ಖಾಲಿ ಇದ್ದರೂ ಬಾಗಿಲಲ್ಲಿ ನಿಂತು ಕೇಳಿದವರು ಬಹಳ ಇದ್ದರು. ಒಳಗೆ ಕೂತರೆ ಯಾರಾದರೂ ನೋಡಿಯಾರು ಎಂದು ನಿಂತವರು ಅವರು. ನಾನು ವೇದಿಕೆಯ ಮೇಲಿದ್ದೆ, ನನಗೆ ಕಾಣಿಸುತ್ತಿತ್ತು.

ಈಗ ಒಂದು ಹೊಸ ಸುದ್ದಿ. ಹೊಸ ವರ್ಷದಲ್ಲಿ ಗ್ರಾಮ ಪಂಚಾಯತಿ ಚುನಾವಣೆ. ನಿನ್ನೆ ಭೀಮಸಿ ನಮ್ಮ ಮನೆಗೆ ಬಂದಿದ್ದ. ನೇರ ಪಡಸಾಲೆಗೆ ಬಂದು, ಜನರ ನಡುವೆ ಕೂತು, ಕೇಸ್ ಇದ್ದವನು ಎಲೆಕ್ಷನ್ನಿಗೆ ನಿಲ್ಲಬಹುದೇ ಎಂದು ನನ್ನನ್ನು ಕೇಳಿದ. ನಿಮ್ಮ ಮಾಮಾ ಪೇಪರ್ ಹಿಡಿದು ಕೂತಿದ್ದರು. ಎದ್ದು ಹೋಗುತ್ತಾರೆ ಅಂದುಕೊಂಡೆ. ಪೇಪರ್ ಇಳಿಸದೆಯೇ ಅಂದರು:

“ಶಿಕ್ಷಾ ಆಗೂತನಕ ಯಾರರೇ ನಿಲ್ಲಬಹುದು. ಆದ್ರ ನಿಮ್ಮ ವಾರ್ಡ ಜನರಲ್ ಐತೋ, ಹೆಣ್ಣಮಕ್ಕಳದೈತೋ, ಮೊದಲ ಅದನ್ನ ನೋಡಲೇ.”

ಎರಡು ತಿಂಗಳಲ್ಲಿ ನನ್ನ ಎದುರಿಗೆ ಅವರು ಆಡಿದ ಅತಿ ಉದ್ದದ ಮಾತು ಅದು. ಎಲೆಕ್ಷನ್ ಅಂದರೆ ಆ ಮನುಷ್ಯನಿಗೆ ಸುಮ್ಮನಿರಲಾಗುವುದಿಲ್ಲ.

ಸೂಚಕರಾಗಿ ಸಹಿ ಹಾಕಲು ಅದೇ ವಾರ್ಡಿನವರು ಬೇಕು. ಅವನ ಓಣಿಯ ಚನ್ನವ್ವ ಎಂಬ ಮುದುಕಿ ಹೆಬ್ಬೆಟ್ಟು ಒತ್ತುತ್ತೇನೆ ಅಂದಿದ್ದಾಳಂತೆ. ಅವಳ ರವಿಕೆಗಳನ್ನು ಇವನೇ ಹೊಲಿಯುವುದು, ಬೇರೆಯವರ ಹೊಲಿಗೆ ಕಂಕುಳಲ್ಲಿ ಹಿಡಿಯುತ್ತದಂತೆ. ಫಾರ್ಮ್ ತುಂಬಲು ವಕೀಲರು ಬೇಕು. ನೀವು ಇಬ್ಬರೂ ಬನ್ನಿರಿ. ಹಿಂದಿನ ದಿನವೇ ಬಂದು ನಮ್ಮಲ್ಲಿ ಇಳಿದುಕೊಳ್ಳಿರಿ. ಮೇಲಿನ ಖೋಲಿ ತೊಳೆಸಿದ್ದೇನೆ.

ಹೊರಡುವಾಗ ನಾನು ಭೀಮಸಿಗೆ ಸ್ಪಷ್ಟ ಹೇಳಿದೆ: “ಜನ ವೋಟ ಹಾಕತಾರಂತ ನಾ ಹೇಳಾಕ ಆಗೂದಿಲ್ಲಪಾ. ನಾನಾ ಸೋತೇನಿ.”

ಅವನು ಚಪ್ಪಲಿ ಮೆಟ್ಟುತ್ತ ನಕ್ಕ. “ಗೆಲ್ಲೂದು ಬಿಡ್ರಿ ಅಕ್ಕಾರ. ಇಷ್ಟ ದಿನ ನಾ ಬರೂದು ಕಂಡ ಕೂಡ್ಲೆ ಬಾಗಲಾ ಹಾಕ್ಕೋತಿದ್ರು. ಉಮೇದವಾರ ಆಗಿ ಕೈ ಮುಗದು ನಿಂತ್ರ, ಬಾಗಲಾ ತಗದು ನನ್ನ ಮಾರಿ ನೋಡಬೇಕಲ್ರಿ” ಅಂದ.

ದಾರಿ ಕಾಯುತ್ತಿರುವ,
ನಿಮ್ಮ ಅಕ್ಕ,
ಕಸ್ತೂರೆವ್ವ